ಉದಾಹರಣೆ ನಲವತ್ತೇಳು

ಶಹಾಬಾದಿನ ಮಧ್ಯಾಹ್ನ. ಕರೆಂಟಿಲ್ಲ.
ಪಡಸಾಲೆಯ ಫರಸಿಯ ಮೇಲೆ ಕುಂತು
ಅಪ್ಪನ ಹಳೇ ಬ್ರಷ್ಷನ್ನು ಚೊಂಬಿನ ನೀರಲ್ಲಿ ಅದ್ದಿ
ಕಾಂಜಿ ಬರೆಯುತ್ತೇನೆ.
ಹದಿನಾರು ಗೀರಿನ ಅಕ್ಷರ.
ಹನ್ನೆರಡನೆಯದು ಎಳೆಯುವಾಗ
ಮೊದಲನೆಯದು ಆರಿರುತ್ತದೆ.
ಕಾಗದಾನಾದ್ರೂ ಉಳೀತು, ಅಂತಾಳೆ ಅವ್ವ.
ಗಂಜಿ ಕುಡಿಯೋದು ಕೇಳೀನಿ, ಬರಿಯೋದು ಇದೇ ನೋಡಿದ್ದು,
ಅಂತಾಳೆ ಓಣಿಯ ಮಾಲನ್‌ಬಿ.

ರೇವಣಪ್ಪ ಕಾಕಾನ ಲೆಕ್ಕ ಬೇರೆ:
ಬಿ.ಎಡ್ ಮಾಡಿದ್ರ ಇಷ್ಟೊತ್ತಿಗೆ ವಾಡಿ ಸಾಲ್ಯಾಗ ಟೀಚರ್ ಇರ್ತಿದ್ದಿ.
ಜಪಾನಿನವರು ನಿನಗೇನು ಬೀಗರೇನು?

ಬೀಗರೇ ಇರಬೇಕು ಕಾಕಾ.
ನನ್ನ ಸಂಶೋಧನೆ ದೊಡ್ಡದೇನಲ್ಲ,
ಕ್ರಿಯಾಪದದ ಸೆರಗು ಹಿಡಿದು ಬರುವ
ಇನ್ನೊಂದು ಸಣ್ಣ ಕ್ರಿಯಾಪದ.
ತಿಂದು ನೋಡು ಅಂತೀವಿ ನಾವು, ಬಾಯಿಗೆ ಕಣ್ಣಿದ್ದಂತೆ.
ತಾಬೇತೆ ಮಿರು ಅಂತಾರೆ ಅವರು,
ಅವರೂ ತಿಂದೇ ನೋಡುತ್ತಾರೆ.
ಹೊಸ್ತಿಲು ದಾಟುವಾಗ ನಾವು ಬರೀ ಹೋಗುವುದಿಲ್ಲ,
ಹೋಗಿ ಬರ್ತೀವಿ.
ಇತ್ತೆ ಕಿಮಾಸು.
ಅವರೂ ಬರುವುದನ್ನು ಬುತ್ತಿ ಕಟ್ಟಿಕೊಂಡೇ ಹೊರಡುವವರು.

ಸಂಜೆ ನೆಟ್‌ವರ್ಕ್ ಸಿಕ್ಕರೆ ಮಾಳಿಗೆಯ ಮೇಲೆ
ಮೊರಿವಾಕಿ ಸೆನ್ಸೇ, ಮೊಬೈಲಿನ ಪರದೆಯಷ್ಟೇ ಅಗಲ.
ಸುಗರಾ-ಸಾನ್, ಅಂತಾರೆ.
ಅವರ ನಾಲಿಗೆಗೆ ಲಕಾರ ಒಲಿಯದು.
ಸುಗಲಾ ಸುಗರಾ ಆದಳು,
ಕಲಬುರಗಿ ಕರಬುರಗಿ.
ಇರಲಿ,
ಹೆಸರು ಬದಲಿಸಿಕೊಳ್ಳುವುದು ಆ ಊರಿಗೆ ಹೊಸದೇನಲ್ಲ.

ಸಹಜ ಮಾತಿನ ಉದಾಹರಣೆ ಬೇಕು, ಅಂದರು.
ಅವ್ವ ತೊಗರಿ ಹಸನು ಮಾಡುವಾಗ
ಮೊರದ ಪಕ್ಕ ಫೋನಿಟ್ಟೆ.
ಹಾಲು ಉಕ್ಕಿಬಿಡ್ತು.
ಬೆಕ್ಕು ಕುಡ್ದುಬಿಡ್ತು.
ಮಾತಾಡ್ತಾ ಮಾತಾಡ್ತಾ ಸೇಡಂ ಬಸ್ ತಪ್ಪಿಸ್ಕೊಂಡ್ಬಿಟ್ಟೆ.
ನಲವತ್ತಾರರ ತನಕ ಹಾಲು, ಬೆಕ್ಕು, ಬಸ್ಸು, ನೆಗಡಿ.
ಆಮೇಲೆ, ಕೈ ನಿಲ್ಲಿಸದೆ, ಒಂದು ಹರಳು ಆರಿಸಿ ಎಸೆದು:
ನಿಮ್ಮಪ್ಪ ಒಂದ್ ಮಾತೂ ಹೇಳ್ಲಾರ್ದೆ ಹೋಗಿಬಿಟ್ಟ.

ಪಾಲಿಶ್ ಮಷೀನಿನ ಮುಂದೆ ಹದಿನೆಂಟು ವರ್ಷ.
ಎಕ್ಸರೇಯಲ್ಲಿ ಅಪ್ಪನ ಎದೆ
ದೂಳು ಒರೆಸದ ಫರಸಿಯ ಹಾಗೆ ಕಂಡಿತ್ತು.
ದಿನಾ ಹೋಗಿ ಬರ್ತೀನಿ ಅನ್ನುವವನು
ಅವತ್ತು ಅನ್ನಲಿಲ್ಲ.

ಟೈಪು ಮಾಡಿದೆ. ನಲವತ್ತೇಳು.
ಪದ ಪದ ಬಿಡಿಸಿ ಕೆಳಗೆ ಅರ್ಥ ಇಟ್ಟೆ.
ಅಂಚಿನಲ್ಲಿ ಸೆನ್ಸೇಯ ಕೆಂಪು ಟಿಪ್ಪಣಿ ಬಂತು:
ಬಹಳ ಒಳ್ಳೆಯ ವಾಕ್ಯ. ಹೇಳಿದವರು ಯಾರು? ಸಂದರ್ಭ?
ಹೆಂಗಸು, ಐವತ್ತೆಂಟು, ಶಹಾಬಾದ್, ಎಂದು ತುಂಬಿದೆ.
ಸಂದರ್ಭ: ತೊಗರಿ ಹಸನು ಮಾಡುವಾಗ.
ಸುಳ್ಳಲ್ಲ.

ಅವರಲ್ಲಿ ಇದನ್ನೇ ಇತ್ತೆ ಶಿಮತ್ತಾ ಅಂತಾರೆ.
ಹೋಗಿಬಿಟ್ಟ.
ಆದರೆ ಶಿಮಾವು ಎಂದರೆ ಬಿಡುವುದಲ್ಲ,
ಮಡಚಿ ಒಳಗಿಡುವುದು, ಕದ ಮುಚ್ಚುವುದು.
ಮೂರನೆಯ ಅಧ್ಯಾಯದ ಕೊನೆಗೆ ಬರೆದೆ:
ಕಳೆದದ್ದನ್ನು ಕನ್ನಡ ಕೈಬಿಡುತ್ತದೆ,
ಜಪಾನೀಸು ಎತ್ತಿಡುತ್ತದೆ.
ಚಂದದ ಸಾಲು. ಮೂರು ದಿನ ಅದರ ಖುಷಿಯಲ್ಲೇ ಉಂಡೆ.

ನಾಲ್ಕನೆಯ ದಿನ ವಿದ್ಯಾರ್ಥಿವೇತನದ ಅರ್ಜಿಗೆ
ಹತ್ತನೇ ಇಯತ್ತೆಯ ಮಾರ್ಕ್ಸ್ ಕಾರ್ಡು ಬೇಕಾಗಿ
ಅವ್ವನ ಟ್ರಂಕು ತೆಗೆದೆ.
ಇಳಕಲ್ ಸೀರೆಯ ಕೆಳಗೆ
ಕರ್ಚೀಫಿನಲ್ಲಿ ಸುತ್ತಿದ ಉಕ್ಕಿನ ಟೇಪು,
ಗುರುತು ಹಾಕುವ ಕೆಂಪು ಪೆನ್ಸಿಲಿನ ತುಂಡು.
ಮಡಿಕೆಯ ತುಂಬ ಕಲ್ಲಿನ ಹಿಟ್ಟು.
ಒಗೆದಿಲ್ಲ.

ಅವ್ವ ಬಾಗಿಲಲ್ಲಿ ನಿಂತಿದ್ದಳು.
ಇರ್ಲಿ ಬಿಡು, ಅಂದಳು.
ಅಲ್ಲೇ ಇಡು.

ಬಿಡು, ಇಡು. ಒಂದೇ ಉಸಿರಲ್ಲಿ.
ಫೋನು ಕಿಸೆಯಲ್ಲೇ ಇತ್ತು,
ಗುಂಡಿ ಒತ್ತಲಿಲ್ಲ.

ರಾತ್ರಿ ಮಾಳಿಗೆಯ ಮೇಲೆ, ಚಂದದ ಸಾಲು ಅಳಿಸಿದ ಮೇಲೆ,
ಸೆನ್ಸೇ ಕೇಳಿದರು: ಸುಗರಾ-ಸಾನ್, ಮೂರನೆಯ ಅಧ್ಯಾಯ ಮುಗಿಯಿತೇ?
ಇನ್ನೂ ಹಸಿ ಇದೆ, ಅಂದೆ ಅವರ ಭಾಷೆಯಲ್ಲಿ.
ಅಲ್ಲಿ ಹಾಗನ್ನುವುದಿಲ್ಲವಂತೆ.
ತಿದ್ದಿದರು.